ಅತ್ತೆ ಬದಲಿಸಿದ ಕೊನೆಗಳು

ಮೊನ್ನೆ ಮಾರಿಕುಪ್ಪಂ ರೈಲಿನಲ್ಲಿ ಎದುರಿಗೆ ಕೂತ ಹೆಂಗಸು ಚೀಲ ಬಿಚ್ಚಿದಳು. ಕರಿದ ಅವರೆಕಾಳು, ಕರಿಬೇವು, ಬೆಳ್ಳುಳ್ಳಿ... ಆ ವಾಸನೆಗೆ ಊರಿಗಾಂನ ಚಿನ್ನದ ಗಣಿ ಕೆಲಸಗಾರರ ಲೈನಿನಲ್ಲಿದ್ದ ನಮ್ಮ ಪಕ್ಕದ ಮನೆ ಅತ್ತೆ ಬಂದು ಕೂತಂತಾಯಿತು.

ಸಂಬಂಧದ ಅತ್ತೆಯಲ್ಲ, ಲೈನಿನ ಮಕ್ಕಳಿಗೆಲ್ಲ ಅತ್ತೆ. ಟಾಕೀಸಿಗೆ ಹೊಸ ತಮಿಳು ಪಿಕ್ಚರ್ ಬಂದರೆ ಮೊದಲ ದಿನವೇ ಮ್ಯಾಟಿನಿಗೆ ಹೋಗುತ್ತಿದ್ದಳು. ಮನೆಗೆಲಸ ಬಿಟ್ಟು ಹೊರಡಲಾಗದ ನಮ್ಮಮ್ಮನಂಥವರು, ತಮಿಳು ಬಾರದವರು, ಸಂಜೆ ಅವಳ ಬಾಗಿಲಲ್ಲಿ ಸೇರುತ್ತಿದ್ದರು. ಅತ್ತೆ ಇಡೀ ಪಿಕ್ಚರನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಬೈಗುಳ ಮಾತ್ರ ತೆಲುಗಿನಲ್ಲಿ. ಎಲ್ಲರೂ ಉಸಿರು ಬಿಗಿಹಿಡಿದ ಹೊತ್ತಿಗೆ ಸರಿಯಾಗಿ ಬಾಯಿಗೊಂದು ಹಿಡಿ ಅವರೆಕಾಳು ಹಾಕಿಕೊಂಡು ನಿಧಾನವಾಗಿ ಅಗಿಯುವಳು.

ಅವಳ ಕತೆಯಲ್ಲಿ ಯಾವ ಹೆಣ್ಣೂ ಸಾಯುತ್ತಿರಲಿಲ್ಲ. ಪಿಕ್ಚರಿನಲ್ಲಿ ಬಾವಿಗೆ ಬಿದ್ದವಳು ಅತ್ತೆಯ ಬಾಯಲ್ಲಿ ಎದ್ದು ಬಂದು, ಸೀರೆ ಹಿಂಡಿಕೊಂಡು ಗಂಡನ ಮನೆಯ ಬಾಗಿಲು ಬಡಿಯುತ್ತಿದ್ದಳು. ಎಂದೋ ಬಿಡುವಾಗಿ ಆ ಪಿಕ್ಚರ್ ನೋಡಿ ಬಂದ ಅಮ್ಮ ಜಗಳಕ್ಕೇ ನಿಂತಳು.

"ಅವ್ಳು ಸತ್ತೇ ಓದ್ಲಲ್ಲಕ್ಕಾ! ಎದ್ ಬತ್ತಾಳೆ ಅಂದ್ಯಲ್ಲ?"

"ನೀನು ಮುಗಿಯಕ್ ಮುಂಚೇನೆ ಎದ್ ಬಂದ್ಬಿಟ್ಟಿದ್ದೀಯ ಕಣೇ. ಇನ್ನೊಂದ್ಸಲ ಓಗು," ಎಂದಳು ಅತ್ತೆ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ.

ಒಬ್ಬಳಾದರೂ ಓದಲಿ ಎಂದು ನಾನು ಏಳನೇ ತರಗತಿಗೆ ಶಾಲೆ ಬಿಟ್ಟೆ. ತಂಗಿ ಓದಿದಳು. ಬೆಂಗಳೂರಿನಲ್ಲಿ ಸಿನಿಮಾದ ಬಗ್ಗೆಯೇ ಎಂ.ಎ. ಮಾಡುವಾಗ ಸಂಶೋಧನಾ ಲೇಖನಕ್ಕೆ ವಿಷಯ ಸಿಗದೆ ಒದ್ದಾಡಿದಳು. ಹೀರೋಗಳ ಅಭಿಮಾನಿಗಳ ಮೇಲೆ ಬರೆಯುತ್ತೇನೆ ಎಂದಿದ್ದಕ್ಕೆ ಮೇಡಂ, "ಅದನ್ನ ಆಗಲೇ ಎಷ್ಟೋ ಜನ ಬರೆದಿದ್ದಾರೆ. ನಿನಗೇ ಗೊತ್ತಿರೋದು ಏನಾದರೂ ತಾ," ಎಂದರಂತೆ. ಆ ವಾರ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಕ್ಕಾ, ಅತ್ತೆ ಕತೆ ಯೋಳ್ತಿದ್ಲಲ್ಲ, ಅದ್ನೇ ಬರೀತೀನಿ. ಸಿನಿಮಾನ ನೋಡ್ದೆ ಕೇಳಿದೋರ ಬಗ್ಗೆ. ಬಂಗಾರಪೇಟೆಗೋಗಿ ಅವ್ಳ ಬಾಯಲ್ಲೇ ರೆಕಾರ್ಡ್ ಮಾಡ್ಕೊಂಬತ್ತೀನಿ."

ಅತ್ತೆ ಆಗ ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದಳು. ಸ್ವಲ್ಪ ದಿನದ ಹಿಂದಷ್ಟೇ ಸಂತೆಯಲ್ಲಿ ಸಿಕ್ಕಿ, "ಚಿಕ್ಕೋಳು ಎಂಗವ್ಳೆ?" ಎಂದು ಕೇಳಿದ್ದಳು. ನಾನು ತಂಗಿಗೆ ಹೇಳಿದ್ದೇ ಬೇರೆ.

"ಅತ್ತೆಗೆ ಮರೆವು ಕಣೇ. ನನ್ನೇ ಗುರ್ತಿಡೀಲಿಲ್ಲ. ಸುಮ್ಕೆ ಯಾಕೋಗ್ತೀಯ?"

ಯಾಕೆ ಹಾಗೆಂದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಷ್ಟು ಓದಿದವಳು ಮತ್ತೆ ಅದೇ ಲೈನ್ ಮನೆಯ ಬಾಗಿಲಲ್ಲಿ ಬಂದು ಕೂತರೆ, ನಾನು ಶಾಲೆ ಬಿಟ್ಟದ್ದೇ ದಂಡ ಅನ್ನಿಸಿತು. ದೊಡ್ಡ ವಿಷಯ ನಮ್ಮಂಥವರ ಮನೆಯಲ್ಲಿರುವುದಿಲ್ಲ, ದೂರದಲ್ಲೆಲ್ಲೋ ಇರುತ್ತದೆ ಎಂದು ನಂಬಿದ್ದೆ.

ತಂಗಿ ನನ್ನ ಮಾತು ನಂಬಿ, ಸಿನಿಮಾ ಪೋಸ್ಟರುಗಳ ಬಗ್ಗೆ ಬರೆದು ಪಾಸಾದಳು. ಮುಂದಿನ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಸಾವಿನ ಮನೆಯಲ್ಲಿ ಅವಳ ಮಗಳು, "ಕೊನೇವರ್ಗೂ ಬೀದಿಯೋರ್ನೆಲ್ಲ ಕೂರಿಸ್ಕೊಂಡು ಸೀರಿಯಲ್ ಕತೆ ಯೋಳ್ತಾನೇ ಇದ್ಲು," ಎಂದು ಅತ್ತಳು. ತಂಗಿ ನನ್ನ ಕಡೆ ತಿರುಗಿ ನೋಡಿದಳು... ವಾಪಸು ಬರುವ ರೈಲಿನಲ್ಲಿ ನಾನೇ ಬಾಯಿಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಪಿಎಚ್.ಡಿ.ಗೆ ಅವಳು ಅದೇ ವಿಷಯ ಹಿಡಿದಿದ್ದಾಳೆ. ಕಳೆದ ಭಾನುವಾರ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ನನ್ನ ಮುಂದಿಟ್ಟು, "ನೀನೇ ಯೋಳು," ಎಂದಳು. ಧೈರ್ಯವಾಗಿ ಕೂತು, ಬಾವಿಗೆ ಬಿದ್ದವಳದು ಮುಗಿಸಿ ಇನ್ನೊಂದು ಪಿಕ್ಚರ್ ಶುರು ಮಾಡಿದೆ. ಅತ್ತೆ ಎಲ್ಲಿ ನಿಲ್ಲಿಸುತ್ತಿದ್ದಳು, ಯಾರಿಗೆ ಏನೆಂದು ಬೈಯುತ್ತಿದ್ದಳು, ಎಲ್ಲವೂ ಸಲೀಸಾಗಿ ಬಂತು. ತಂಗಿಗೆ ನಗು ತಡೆಯಲಾಗಲಿಲ್ಲ.

"ಆಮೇಲೆ ಅತ್ತೆ ಎಂಗ್ ಮುಗಿಸಿದ್ಲು?"

ಹೇಳತೊಡಗಿದವಳು ಅರ್ಧಕ್ಕೇ ನಿಲ್ಲಿಸಿದೆ. ನನ್ನ ಬಾಯಿಗೆ ಬರುತ್ತಿದ್ದುದು ಪಿಕ್ಚರಿನ ಕೊನೆ. ಆ ಪಿಕ್ಚರುಗಳನ್ನೆಲ್ಲ ಆಮೇಲೆ ಟಿವಿಯಲ್ಲಿ ನೋಡಿದ್ದೆನಲ್ಲ, ಅಮ್ಮ ಜಗಳಕ್ಕೆ ನಿಂತ ಆ ಬಾವಿಯ ಕತೆಯೊಂದು ಬಿಟ್ಟರೆ, ನೋಡಿದ್ದು ಕೇಳಿದ್ದನ್ನು ಅಳಿಸಿಬಿಟ್ಟಿತ್ತು. ಹುಡುಕಿದೆ... ಬರಲಿಲ್ಲ. ನಾನೇ ಒಂದು ಕೊನೆ ಕಟ್ಟಿ ಹೇಳಬಹುದಿತ್ತು, ತಂಗಿ ನಂಬುತ್ತಿದ್ದಳು.

"ಅತ್ತೆ ಯೋಳಿದ್ದು ನಂಗೆ ಗೊತ್ತಿಲ್ಲ ಕಣೇ," ಎಂದೆ. "ಅಂಗೇ ಬರ್ಕೋ."