ಹನ್ನೊಂದು ಖಾಲಿ ಸಾಲುಗಳು

ಪುಣೆಯಲ್ಲಿ ಓದುತ್ತಿರುವ ಮೊಮ್ಮಗಳು, ನನ್ನ ಮಗಳ ಮಗಳು, ಫೋನ್ ಮಾಡಿ "ಅಜ್ಜಿ, ನಿನ್ನ ಮಳಿ ಡೈರಿ ಇನ್ನೂ ಅವ ಏನು?" ಎಂದು ಕೇಳಿದ ದಿನ, ಮಂಚದ ಕೆಳಗಿನ ಟ್ರಂಕನ್ನು ನಾನೇ ಎಳೆದು ಹೊರಗೆ ತೆಗೆದೆ. ನಾನೀಗ ಇರುವುದು ಸೊಲ್ಲಾಪುರದಲ್ಲಿ, ಮಗನ ಮನೆಯಲ್ಲಿ; ಅಡುಗೆಮನೆಯಿಂದ ಸೊಸೆ "ಅತ್ತೀ, ಸೊಂಟ!" ಎಂದು ಕೂಗಿದಳು. ಸೊಂಟದ ಯೋಚನೆ ಆಗ ಯಾರಿಗಿತ್ತು?

ಇಪ್ಪತ್ತೆರಡು ಡೈರಿಗಳು. ಸೊಲ್ಲಾಪುರದಲ್ಲಿ ನನ್ನ ತವರಿನವರದು ಟವೆಲ್ ವ್ಯಾಪಾರ. ನೂಲು ಕೊಡುವವರು ಪ್ರತಿ ಹೊಸ ವರ್ಷಕ್ಕೆ ಒಂದು ರೆಕ್ಸಿನ್ ಹೊದಿಕೆಯ ಡೈರಿ ತಂದುಕೊಡುತ್ತಿದ್ದರು. ಅದನ್ನು ನಾನು ಅಕ್ಕಲಕೋಟೆಯ ಆಚೆಗಿನ ವಾಗದರಿಗೆ, ಗಂಡನ ಮನೆಗೆ, ಒಯ್ಯುತ್ತಿದ್ದೆ. ಹಿತ್ತಲಲ್ಲಿ ಒಂದು ಮಳೆಮಾಪಕ ನಿಲ್ಲಿಸಿಕೊಡಿ ಎಂದು ಹಟ ಹಿಡಿದು ಗಂಡನಿಂದ ತರಿಸಿಕೊಂಡಿದ್ದೆ. ಮಳೆಗಾಲದಲ್ಲಿ ಬೆಳಿಗ್ಗೆ ಎಂಟೂವರೆಗೆ ಅದರ ಒಳಗಿನ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆಯುತ್ತಿದ್ದೆ. ಇಷ್ಟು ಮಿಲಿಮೀಟರ್. ಗಾಳಿ ಪಶ್ಚಿಮದಿಂದ. ಲೈಟ್ ಡ್ರಿಝಲ್. ಕಾನ್ವೆಂಟಿನಲ್ಲಿ ಭೂಗೋಳ ಕಲಿಸಿದ ಸಿಸ್ಟರ್ ಮೇಜಿಗೆ ಸ್ಕೇಲು ಬಡಿದು "ಅಬ್ಸರ್ವ್, ಗರ್ಲ್ಸ್, ಅಬ್ಸರ್ವ್!" ಎನ್ನುತ್ತಿದ್ದರು. ಆ ಕ್ಲಾಸಿನಲ್ಲಿ ಅವರ ಮಾತನ್ನು ಜೀವನಪೂರ್ತಿ ಪಾಲಿಸಿದವಳು ನಾನೊಬ್ಬಳೇ ಇರಬೇಕು.

ಒಂದು ವಿಷಯ ಮಾತ್ರ ಸಿಸ್ಟರ್ ಒಪ್ಪುತ್ತಿರಲಿಲ್ಲ. ಮಳೆ ಬಾರದ ದಿನ ನಾನು ಸೊನ್ನೆ ಬರೆಯುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಅಕ್ಕಿ ಮುಗಿಯಿತು, ಎಣ್ಣೆ ಇಲ್ಲ ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಮೊದಲ ವರ್ಷವೇ ಅತ್ತೆ ನನ್ನ ಹೆಗಲ ಮೇಲಿಂದ ಡೈರಿ ಇಣುಕಿ ನೋಡಿ, "ಅದೇನವ್ವಾ ದುಂಡಗ? ಮಳಿ ಮುಂದ ಸೊನ್ನಿ ಬರೀಬ್ಯಾಡ. ಅದು ಕೇಳಿಸಿಕೊಂಡು ಹೋಗಿಬಿಡತೈತಿ" ಎಂದಿದ್ದರು. ಅಂದಿನಿಂದ ಒಣ ದಿನಗಳ ಸಾಲನ್ನು ಖಾಲಿ ಬಿಟ್ಟೆ. ನಾನು ಊರಲ್ಲಿ ಇಲ್ಲದ ದಿನಗಳ ಸಾಲೂ ಖಾಲಿಯೇ. ಯಾವುದು ಯಾವುದೆಂದು ನನಗೆ ನೆನಪಿರುತ್ತದಲ್ಲ, ಅದರಲ್ಲೇನು ಎಂದುಕೊಂಡಿದ್ದೆ.

ಮೊಮ್ಮಗಳು ಬಂದದ್ದು ಜೋಳ ಮೊಣಕಾಲುದ್ದ ಎದ್ದು ನಿಂತಿದ್ದ ಚಳಿಗಾಲದಲ್ಲಿ. ವಾಗದರಿಯ ಹಳ್ಳ ಯಾವ ಮಳೆಗೆ ಎಷ್ಟು ಏರುತ್ತದೆ, ಹೊಲಗಳು ಎಷ್ಟು ನೀರು ಹಿಡಿದಿಟ್ಟುಕೊಳ್ಳುತ್ತವೆ, ಬೆಳೆಗೆ ಯಾವಾಗ ನೀರು ಸಾಲದಾಗುತ್ತದೆ ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಓದು ಅವಳದು. ಹಳ್ಳದ ಯಾವ ಭಾಗವನ್ನು ಅಗಲ ಮಾಡಬೇಕು, ಒಡ್ಡು ಎಷ್ಟು ಎತ್ತರ ಬೇಕು ಎಂದು ಬರುವ ಸೋಮವಾರ ಪಂಚಾಯತಿಯ ಮುಂದೆ ಅವಳು ತೋರಿಸಬೇಕಿತ್ತು. ಸೊಲ್ಲಾಪುರದಿಂದ ಬಸ್ಸಿನಲ್ಲಿ ಹೋಗುವಾಗ ನನಗೆ ತಿಳಿಯುವಂತೆ ಹೇಳಿದಳು.

"ಹೊಲ ಅಂದ್ರ ಒಂದು ಬಕೆಟ್ ಅಂತ ತಿಳಕೋ, ಅಜ್ಜಿ. ಮಳಿ ಮ್ಯಾಲಿಂದ ತುಂಬತದ. ಜ್ವಾಳ ಕುಡೀತದ, ಬಿಸಿಲು ಕುಡೀತದ. ಬಕೆಟ್ ತುಂಬಿದ ಮ್ಯಾಲ ಬಿದ್ದದ್ದೆಲ್ಲ ಹಳ್ಳಕ್ಕ. ಅದಕ್ಕ ದೊಡ್ಡ ಮಳಿ ಬರೂಕಿಂತ ಮೊದಲ ಬಕೆಟ್ ಎಷ್ಟು ತುಂಬಿತ್ತು ಅನ್ನೋದು ಗೊತ್ತಾಗಬೇಕು. ಅಕ್ಕಲಕೋಟ್ಯಾಗ ಬಿದ್ದ ಮಳಿ ವಾಗದರ್ಯಾಗ ಬೀಳತದ ಅಂತ ಏನಿಲ್ಲ. ವಾಗದರಿ ಮಳಿ ಬರ್ದಿಟ್ಟಾಕಿ ನೀ ಒಬ್ಬಾಕಿನ. ನಿನ್ನ ಡೈರಿ ಅಂದ್ರ ಸೋನ!"

ಸೋನ. ಅಪ್ಪಟ ಚಿನ್ನ. ಕಿಟಕಿಯ ಹೊರಗೆ ನೋಡುತ್ತ ಆ ಮಾತನ್ನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ.

ವಾಗದರಿಯಲ್ಲಿ ಆ ಚಿನ್ನ ಒಂದೂವರೆ ದಿನ ಬಾಳಿತು. ಅಲ್ಲಿ ನನ್ನ ನೆಗೆಣ್ಣಿ ಇದ್ದಾಳೆ, ಮೈದುನನ ಹೆಂಡತಿ. ಕಂದಲಗಾಂವದ ಹುಡುಗಿ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮನೆಯ ಹೊಲವೆಲ್ಲ ನಡೆಯುವುದು ಅವಳ ಕೈಮೇಲೆ. ಮೊಮ್ಮಗಳು ಎರೆಮಣ್ಣಿನಲ್ಲಿ ತೇವ ಅಳೆಯುವ ಕಡ್ಡಿಗಳನ್ನು ನೆಡುತ್ತಿದ್ದಾಗ ಇವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗೆ ಕುಣಿ ತೋಡಿ, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಉಂಡೆ ಸೀಳಿತು.

"ಇನ್ನ ಎಂಟ ದಿನಕ್ಕ ಸಾಲತೈತಿ. ಒಂಬತ್ತಕ್ಕ ಸಾಲಂಗಿಲ್ಲ," ಎಂದಳು.

ಮೊಮ್ಮಗಳು ತನ್ನ ಯಂತ್ರ ನೋಡಿದಳು, ಫೋನಿನಲ್ಲಿ ಏನೋ ಗುಣಿಸಿದಳು, ಕಣ್ಣರಳಿಸಿದಳು. "ಸಣ್ಣಜ್ಜಿ! ಹೆಂಗ ಗೊತ್ತಾತು?"

"ಜ್ವಾಳದ ಎಲಿ ನೋಡವ್ವ. ಮಧ್ಯಾಹ್ನ ಸುತ್ತಿಕೊಂಡಿದ್ದು ಸಂಜೀಕ ಬಿಚ್ಚಿಕೊಂಡ್ರ ಚಿಂತಿಲ್ಲ. ಮುಂಜಾನೆ ಮುಂಜಾನೆನೂ ಸುತ್ತಿಕೊಂಡಿದ್ರ ಅದಕ್ಕ ಖರೇನ ನೀರಡಿಕಿ ಆಗೈತಿ ಅಂತ."

"ಅದಕ್ಕ ನಾವು ಸ್ಟ್ರೆಸ್ ಅಂತೀವಿ."

"ಹೌದಾ? ಹಂಗಂದ್ರ ಅದು ನಮ್ಮ ಅಕ್ಕಾಗೂ ಐತಿ ನೋಡು. ಮುಂಜಾನೆಯಿಂದ ಮಾರಿ ಸುತ್ತಿಕೊಂಡು ನಿಂತಾರ."

ಇಬ್ಬರೂ ನಕ್ಕರು. ಬದುವಿನ ಮೇಲೆ ಛತ್ರಿ ಹಿಡಿದು ನಿಂತಿದ್ದ ನಾನೂ ನಕ್ಕೆ, ಕಾನ್ವೆಂಟಿನಲ್ಲಿ ಕಲಿತ ನಗೆ, ಹಲ್ಲು ಕಾಣದಂತೆ. ಎದೆಯಲ್ಲಿ ಮಾತ್ರ ಬೇಸಿಗೆಯ ಎರೆಹೊಲದ ಬಿರುಕು ಬಿಟ್ಟಿತ್ತು. ನನ್ನ ಡೈರಿ ಚೀಲದಲ್ಲಿತ್ತು. ಅದನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.

ಈ ಬಿರುಕು ಹೊಸದಲ್ಲ. ಕೆಲವು ವರ್ಷಗಳ ಹಿಂದೆ, ನಾನಿನ್ನೂ ವಾಗದರಿಯಲ್ಲೇ ಇದ್ದಾಗ, ಒಬ್ಬ ಕೃಷಿ ಅಧಿಕಾರಿ ನಾಲ್ಕು ಜನ ಅತಿಥಿಗಳನ್ನು ಕರೆದುಕೊಂಡು ಬಂದಿದ್ದರು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು, ಮೇಜಿನ ಮೇಲೆ ಡೈರಿ ಜೋಡಿಸಿ, ಇಂಗ್ಲಿಷಿನಲ್ಲಿ ಎರಡು ಪುಟದ ನೋಟ್ ಬರೆದಿಟ್ಟಿದ್ದೆ. "ವೆರಿ ನೀಟ್ ಹ್ಯಾಂಡ್‌ರೈಟಿಂಗ್, ಮೇಡಂ" ಎಂದು ಹೇಳಿ ಎದ್ದುಹೋದವರು ಹೊಲದಲ್ಲಿ ನೆಗೆಣ್ಣಿಯ ಮಣ್ಣುಂಡೆಯ ಸುತ್ತ ಒಂದು ತಾಸು ಕೂತರು. ಅವಳ ಜೊತೆ ಫೋಟೊ ತೆಗೆಸಿಕೊಂಡರು. ಆ ಫೋಟೊದಲ್ಲಿ ನನ್ನ ಛತ್ರಿಯ ಅಂಚು ಮಾತ್ರ ಕಾಣುತ್ತದೆ.

ಮರುದಿನವೇ ಬಿಪಿ ತೋರಿಸಬೇಕೆಂದು ನೆವ ಹೇಳಿ ಸೊಲ್ಲಾಪುರಕ್ಕೆ ಅಣ್ಣನ ಮನೆಗೆ ಹೊರಟೆ. ನೆಗೆಣ್ಣಿ ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತು ಬಂದಳು. "ಅಕ್ಕಾ, ಮಳಿ ಡಬ್ಬಿ ದಿನಾ ಚೆಲ್ಲಲೇನು? ಗೀಟು ಹಾಕಿ ಇಡತೀನಿ," ಎಂದಳು. "ನನ್ನ ವಸ್ತು ಯಾರೂ ಮುಟ್ಟೂದು ಬ್ಯಾಡ," ಎಂದು ಬಸ್ ಹತ್ತಿದೆ. ಬರೆಯುವುದೊಂದಾದರೂ ನನ್ನದೇ ಉಳಿಯಲಿ ಎಂಬ ಸಂಕಟ ಅದು.

ಹನ್ನೊಂದು ದಿನ ಬಿಟ್ಟು ಸಂಜೆ ವಾಪಸಾದೆ. ಊರೆಲ್ಲ ಕೆಸರು. ಮಾಪಕದ ಮುಚ್ಚಳ ತೆಗೆದರೆ ಒಳಗಿನ ಬಾಟಲಿ ತುಂಬಿ ಚೆಲ್ಲಿ, ಹೊರಗಿನ ಡಬ್ಬದಲ್ಲೂ ನೀರು ನಿಂತಿತ್ತು. ಅಳೆದು ಬರೆದರೆ ಹನ್ನೊಂದು ದಿನ ನಾನು ಊರಲ್ಲಿರಲಿಲ್ಲ ಎಂಬುದು ನನ್ನದೇ ಅಕ್ಷರದಲ್ಲಿ ಉಳಿಯುತ್ತಿತ್ತು. ಒಂದು ದಿನವೂ ತಪ್ಪಿಲ್ಲ ಎಂದು ಎಲ್ಲರೆದುರು ಹೇಳಿಕೊಂಡವಳು ನಾನು. ಅಷ್ಟನ್ನೂ ತುಳಸಿಯ ಬುಡಕ್ಕೆ ಸುರಿದೆ. ಹಿಂದೆ ಮೊರ ಹಿಡಿದು ನಿಂತಿದ್ದ ನೆಗೆಣ್ಣಿ "ಅಕ್ಕಾ, ಅಳೀಲಿಲ್ಲ?" ಎಂದಳು. ನಾನು ಒಳಗೆ ಹೋದೆ.

ಅದರ ಮರುದಿನ ಮಧ್ಯಾಹ್ನ ಆಕಾಶ ಹರಿದು ಬಿತ್ತು. ಹಳ್ಳ ಕೆಳಗಿನ ಓಣಿಗೆ ನುಗ್ಗಿ, ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಎದೆಮಟ್ಟಕ್ಕೆ ಕೆಸರಿನ ಗೆರೆ ಬಿಟ್ಟುಹೋಯಿತು. ಜನ ಮಾಳಿಗೆ ಹತ್ತಿ ಉಳಿದರು. ಎರಡು ಎಮ್ಮೆ ಹೋದವು. ಆ ಒಂದು ದಿನದ ಮಳೆಯನ್ನು ನಾನು ಬಹಳ ನೀಟಾಗಿ ಬರೆದಿದ್ದೇನೆ.

ಮೊಮ್ಮಗಳು ಕೊನೆಗೂ ಡೈರಿ ಬಿಚ್ಚಿದ್ದು ಶುಕ್ರವಾರ ಪಡಸಾಲೆಯಲ್ಲಿ. ನೆಗೆಣ್ಣಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪುಟ ತಿರುವುತ್ತ ಹುಡುಗಿಯ ಬೆರಳು ನಿಂತಿತು.

"ಅಜ್ಜಿ, ಹೇ ಕಾಯ್, ಇದೇನು? ಹಳ್ಳಕ್ಕ ಹೊಳಿ ಬರೂಕಿಂತ ಮೊದಲ ಹನ್ನೊಂದು ಸಾಲು ಖಾಲಿ ಅವ. ಮಳಿ ಇದ್ದಿಲ್ಲೋ, ನೀ ಇದ್ದಿಲ್ಲೋ?"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಖಾಲಿ ಅಂದ್ರ ಡ್ರೈ, ಡಿಯರ್," ಎಂದೆ. "ಅಜ್ಜಿ ಎಂದೂ ತಪ್ಪಿಸಿಲ್ಲ."

ಸದ್ದು ಮತ್ತೆ ಶುರುವಾಯಿತು. ನೆಗೆಣ್ಣಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವಳ ಮೇಲೆ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಆ ಅವಕಾಶವನ್ನೂ ಅವಳು ನನಗೆ ಕೊಡಲಿಲ್ಲ.

ಶನಿವಾರವಿಡೀ ಹುಡುಗಿ ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಳು. ಹನ್ನೊಂದು ಒಣ ದಿನ ಎಂದು ಅದಕ್ಕೆ ಹೇಳಿಕೊಟ್ಟರೆ ಅವಳ ಬಕೆಟ್ ಖಾಲಿಯಾಗುತ್ತಿತ್ತು. ಬಿರುಕುಬಿಟ್ಟ ಎರೆಹೊಲ ಮಳೆಯ ಬಹುಪಾಲು ಕುಡಿದುಬಿಡುತ್ತಿತ್ತು. ಪರದೆಯ ಮೇಲಿನ ಹಳ್ಳ ಗಿರಣಿಯ ಹತ್ತಿರವೂ ಬರುತ್ತಿರಲಿಲ್ಲ. "ಗೋಡಿ ಮ್ಯಾಲಿನ ಗೆರಿ ಸುಳ್ಳೋ, ನನ್ನ ಮಣ್ಣು ತಪ್ಪೋ?" ಎಂದು ಗೊಣಗಿದಳು. ಸಂಜೆ ಹೊತ್ತಿಗೆ ಸೋತು ಹೇಳಿದಳು: "ಮಂದಿ ಒಂದಕ್ಕ ಎರಡು ಮಾಡಿ ಹೇಳಿರಬೇಕು. ಆ ಹೊಳಿ ಲೆಕ್ಕದಾಗಿಂದ ಬಿಟ್ಟುಬಿಡತೀನಿ, ಅಜ್ಜಿ. ಕೆಳಗಿನ ಓಣಿ ತನಕ ಅಗಲ ಮಾಡೂದು ಬೇಕಾಗಿಲ್ಲ ಅಂತ ಬರೀತೀನಿ."

ಅವಳು ಅನುಮಾನಿಸಿದ್ದು ಗೋಡೆಯನ್ನು, ಮಣ್ಣನ್ನು, ಇಡೀ ಊರನ್ನು. ನನ್ನ ಡೈರಿಯೊಂದನ್ನು ಬಿಟ್ಟು. ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ ಅಲ್ಲವೇ?

ಒಲೆಯ ಹತ್ತಿರ ಹೋಗಿ ಕೂತೆ. ನೆಗೆಣ್ಣಿ ರೊಟ್ಟಿ ತಿರುವಿ ಹಾಕುತ್ತಿದ್ದಳು.

"ನೀನ ಹೇಳಬಹುದಿತ್ತಲ್ಲ," ಎಂದೆ.

"ನಾ ಯಾಕ ಹೇಳ್ಲಿ? ಬರ್ದಾಕಿ ನೀವು." ಬೆಂಕಿ ಒಳಗೆ ನೂಕಿದಳು. "ನಾ ಹೇಳಿದ್ರ ಆ ಕೂಸು ನಿಮ್ಮ ಇಪ್ಪತ್ತೆರಡು ಪುಸ್ತಕನೂ ಸುಳ್ಳು ಅಂತಿತ್ತು. ನೀವ ಹೇಳಿದ್ರ ಹನ್ನೊಂದು ಸಾಲು ಅಷ್ಟ ಹೋಗತಾವ."

ಎಷ್ಟು ಸರಿಯಾಗಿ ಹೇಳಿದಳು! ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಇಷ್ಟು ಓದಿದ ನನಗೆ ಆ ಲೆಕ್ಕ ತಾನಾಗಿ ಹೊಳೆಯಲಿಲ್ಲವಲ್ಲ.

ಪಡಸಾಲೆಗೆ ಬಂದು ಮೊಮ್ಮಗಳ ಕೆಂಪು ಪೆನ್ನು ತೆಗೆದುಕೊಂಡೆ. ಆ ಪುಟದ ಹನ್ನೊಂದು ಸಾಲುಗಳಲ್ಲೂ, ಹಾಜರಿ ಪುಸ್ತಕದಲ್ಲಿ ಸಿಸ್ಟರ್ ಬರೆಯುತ್ತಿದ್ದಂತೆ, ಒಂದೊಂದೇ ಬರೆದೆ: ಆಬ್ಸೆಂಟ್. ಆಬ್ಸೆಂಟ್. ಆಮೇಲೆ ಫೋಟೊ, ಬಸ್ಸು, ತುಳಸಿಕಟ್ಟೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆ ಎಂದು ಕಾದೆ.

ಅವಳು ಕೇಳಿದ್ದು ಬೇರೆ. "ಡಬ್ಬದಾಗ ನೀರು ಎಲ್ಲಿ ತನಕ ಇತ್ತು, ಅಜ್ಜಿ?"

ಅದು ನನಗೆ ಚೆನ್ನಾಗಿ ನೆನಪಿತ್ತು. ಸುರಿದುಬಿಟ್ಟ ನೀರನ್ನು ಎಷ್ಟು ಸಲ ಮನಸ್ಸಿನಲ್ಲಿ ಕಂಡಿದ್ದೇನೆ! ಮಾಪಕ ಇನ್ನೂ ಹಿತ್ತಲಲ್ಲೇ ಇತ್ತು. ಹೊರಡಬ್ಬದ ಒಳಗೋಡೆಯ ಬೆಸುಗೆಯ ಗಂಟಿನಿಂದ ಎರಡು ಬೆರಳು ಕೆಳಗೆ ಎಂದು ತೋರಿಸಿದೆ. ಮೊಮ್ಮಗಳು ಬಾಟಲಿ ತುಂಬಿಸಿ ಒಳಗಿಟ್ಟು, ಅಲ್ಲಿಯವರೆಗೆ ನೀರು ಹುಯ್ದು, ಎಲ್ಲವನ್ನೂ ಅಳತೆಯ ಗಾಜಿನಿಂದ ಅಳೆದಳು. ಹನ್ನೊಂದು ದಿನದ ಒಟ್ಟು ಮಳೆ ಸಿಕ್ಕಿತು. ಯಾವ ದಿನ ಎಷ್ಟು ಎಂಬುದನ್ನು ಹೊಸ್ತಿಲಲ್ಲಿ ಕೂತು ಹೇಳಿದವಳು ನೆಗೆಣ್ಣಿ.

"ಅಕ್ಕ ಹೋದ ಮೂರನೇ ದಿನಕ್ಕ ಕುರುಬರು ಹೊಲದಾಗ ಕುರಿ ತರಬಿ ನಿಲ್ಲಿಸಿದ್ರು, ಗೊಬ್ಬರಕ್ಕ. ಆ ರಾತ್ರಿನ ಸುರೀತು. ಕುರಿ ಕೆಸರಾಗ ನಿಲ್ಲಲಾರದ ನಮ್ಮ ಕೊಟ್ಟಿಗ್ಯಾಗ ತಂದು ಹೊಡದ್ರು. ಐದು ದಿನ ಅಲ್ಲೇ ಇದ್ದವು, ಸಣ್ಣ ಮಳಿ ಬಿಡಲೇ ಇಲ್ಲ. ಆಮ್ಯಾಲ ಒಂದು ದಿನ ಬಿಸಿಲು, ನಾ ಶೇಂಗಾ ಹರವೀನಿ. ಹರವಿದ್ದು ಮತ್ತ ತೋಯ್ತು."

ಹುಡುಗಿ ಬರೆದುಕೊಂಡಳು, ಒಟ್ಟು ಮಳೆಯನ್ನು ಆ ದಿನಗಳಿಗೆ ಹಂಚಿದಳು, ಗುಂಡಿ ಒತ್ತಿದಳು. ಬಕೆಟ್ ತುಂಬಿಕೊಂಡೇ ಇತ್ತು. ಪರದೆಯ ಮೇಲಿನ ನೀಲಿ ಬಣ್ಣ ಹಳ್ಳ ದಾಟಿತು, ಕೆಳಗಿನ ಓಣಿಗೆ ಇಳಿಯಿತು, ಗಿರಣಿಯ ಗೋಡೆ ಹತ್ತಿತು. ಕೆಸರಿನ ಗೆರೆಯ ಹತ್ತಿರ ಹತ್ತಿರ ಬಂದು ನಿಂತಿತು.

"ಆಲಾ! ಬಂತು!" ಎಂದು ಚೀರಿ ಎದ್ದವಳು ಮೊದಲು ಅಪ್ಪಿಕೊಂಡದ್ದು ನೆಗೆಣ್ಣಿಯನ್ನು. ಅವಳು ಹತ್ತಿರ ಕೂತಿದ್ದಳು, ಅದಕ್ಕೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನನ್ನನ್ನೂ ಅಪ್ಪಿಕೊಂಡಳು. ಅವಳ ಕೆನ್ನೆಯಲ್ಲಿ ಆಗಲೇ ನೆಗೆಣ್ಣಿಯ ರೊಟ್ಟಿಯ ಹಿಟ್ಟಿತ್ತು.

ಸೋಮವಾರ ಪಂಚಾಯತಿಯಲ್ಲಿ ಅಗಲ ಮಾಡುವ ಗೆರೆಯನ್ನು ಕೆಳಗಿನ ಓಣಿಯ ಕೊನೆಯ ಮನೆಯವರೆಗೆ ಎಳೆದರು. ಗಿರಣಿಯವನು ಎದ್ದು ನಿಂತು, ಈ ಮಾಹಿತಿ ಎಲ್ಲಿ ಸಿಕ್ಕಿತು ಎಂದು ಕೇಳಿದ. "ನನ್ನ ಇಬ್ಬರು ಅಜ್ಜಿಯರ ಕಡೆಯಿಂದ," ಎಂದಳು ಮೊಮ್ಮಗಳು. ಇಬ್ಬರು. ಬಸ್ಸಿನಲ್ಲಿ ಅವಳ ಮಾತಿನಲ್ಲಿ ನಾನೊಬ್ಬಳೇ ಇದ್ದೆ.

ಈ ಮಳೆಗಾಲದಿಂದ ಮಾಪಕ ನೋಡುವವಳು ನೆಗೆಣ್ಣಿ. ಗಾಜಿನ ಮೇಲಿನ ಅಂಕಿಗಳನ್ನು ಮೊಮ್ಮಗಳು ಅವಳಿಗೆ ಎರಡೇ ದಿನದಲ್ಲಿ ಕಲಿಸಿಬಿಟ್ಟಳು. ಬರೆಯುವವಳು ಮಾತ್ರ ನಾನೇ, ಸೊಲ್ಲಾಪುರದಲ್ಲಿ ಕೂತು. ಅದನ್ನು ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಅವಳು ಫೋನ್ ಮಾಡಿ ಅಂಕಿ ಹೇಳುತ್ತಾಳೆ. ಮೊದಲ ಒಣ ದಿನ ಅಂಕಿಯ ಬದಲು ಪ್ರಶ್ನೆ ಬಂತು.

"ಏನ ಹೇಳಲಿ ಅಕ್ಕಾ? ಅತ್ತಿ ಬ್ಯಾಡ ಅಂದಿದ್ರಲ್ಲ."

"ಸೊನ್ನಿ ಅನ್ನು."

"ಮೊದಲ ನೀವ ಬರೀರಿ. ಆಮ್ಯಾಲ ನಾ ಅಂತೀನಿ."

ಬರೆದೆ. ಇಪ್ಪತ್ತೆರಡು ಡೈರಿ ತುಂಬಿದ ಮೇಲೆ ಬರೆದ ಸೊನ್ನೆ ಸ್ವಲ್ಪ ಓರೆಯಾಯಿತು. ಅವಳ ಫೋನ್ ಎಂಟೂವರೆಗೆ ಸರಿಯಾಗಿ ಬರಬೇಕು. ಹಾಲು ಕರೆಯುವುದಿತ್ತು, ಎಮ್ಮೆ ಒದೆಯಿತು ಎಂದೆಲ್ಲ ಹೇಳಿ ಎರಡು ನಿಮಿಷ ತಡ ಮಾಡಿದರೆ, ಅಂಕಿಯ ಪಕ್ಕದ ಅಂಚಿನಲ್ಲಿ ಅದನ್ನೂ ಬರೆದಿಡುತ್ತೇನೆ: ಲೇಟ್.