ಬೆಳಕಿನ ಹುರಿ

ಬೆಳಗ್ಗೆ ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ಚಿಕ್ಕಮುನಿಯಪ್ಪ ಹೆಂಡತಿಯ ಕನ್ನಡಕ ಒರೆಸುತ್ತಾನೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಕಿಟಕಿಯ ಕಡೆ ಹಿಡಿದು ನೋಡಿ, ಅಂಜಿನಮ್ಮನ ಮೂಗಿನ ಮೇಲೆ ತಾನೇ ಇಡುತ್ತಾನೆ. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ. ಅಂಜಿನಮ್ಮನಿಗೆ ಎರಡೂ ಕಣ್ಣು ಹೋಗಿ ವರ್ಷಗಳಾದವು. ಒಳಗೆ ಒತ್ತಡ ಏರಿ ನರ ಸತ್ತಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

"ಕುರುಡಿಗೆ ಯಾಕ್ರೀ ಈ ಶೋಕಿ?" ಎಂದು ಅವಳು ನಗುತ್ತಿದ್ದಳು.

"ಇರ್ಲಿ ಬಿಡೇ. ಅಭ್ಯಾಸ ತಪ್ಪಬಾರ್ದು. ನಾಳೆ ಬೇಕಾಗ್ತದೆ."

ಆ ನಾಳೆಯನ್ನು ಅವನು ಪೂರ್ತಿ ನಂಬಿದ್ದ.

ಶಿವಾಜಿನಗರದ ಒಂದು ಕನ್ನಡಕದಂಗಡಿಯ ಹಿಂಬದಿಯಲ್ಲಿ ಕೂತು ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕಸುಬು. ಬೆಳಕು ಅಲೆ ಎಂದು ಕೆಲವರು, ಕಣ ಎಂದು ಕೆಲವರು ಹೇಳುವುದನ್ನು ಅಂಗಡಿಗೆ ಬರುವ ಮೇಷ್ಟರುಗಳ ಬಾಯಲ್ಲಿ ಕೇಳಿದ್ದ. ಎರಡೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಬೆಳಕು ಒಂದು ಹಗ್ಗ, ಬಣ್ಣಬಣ್ಣದ ಎಳೆಗಳನ್ನು ಹುರಿ ಮಾಡಿ ಹೊಸೆದದ್ದು. ಕಾಮನಬಿಲ್ಲೆಂದರೆ ಹುರಿ ಬಿಚ್ಚಿದ ಹಗ್ಗ ಎಂಬುದು ಅವನ ಮತ. ಇದನ್ನು ಕಣ್ಣಾರೆ ಕಂಡೂ ಇದ್ದ. ಬಿಸಿಲಿಗೆ ಹಾಕುವ ಪೋಲರಾಯ್ಡ್ ಕಪ್ಪು ಗಾಜು ಎರಡನ್ನು ಒಂದರ ಮೇಲೊಂದು ಅಡ್ಡಲಾಗಿ ಹಿಡಿದರೆ ಪೂರ್ತಿ ಕತ್ತಲು. ನಡುವೆ ಪ್ಲಾಸ್ಟಿಕ್ ಲೆನ್ಸಿನ ಕನ್ನಡಕ ತೂರಿಸಿದರೆ ಆ ಕತ್ತಲಲ್ಲಿ ನಸುಹಳದಿ, ನಸುನೀಲಿ ಎಳೆಗಳು ಏಳುತ್ತಿದ್ದವು. ಹಗ್ಗ ದಾಟದ ಕಡೆ ಎಳೆ ದಾಟುತ್ತದೆ ಅಂದ ಮೇಲೆ, ಸತ್ತ ನರದೊಳಗೂ ಒಂದೆಳೆ ನುಸುಳೀತು. ಎಳೆ ಬಿಡಿಸಿ ಕೊಡುವಂಥ ಲೆನ್ಸನ್ನು ತಾನು ಉಜ್ಜಬೇಕು, ಅಷ್ಟೆ.

"ಒಂದೆಳೆ ಸಾಕು ಕಣೇ, ನನ್ ಮುಖ ಕಾಣ್ತದೆ" ಎನ್ನುತ್ತಿದ್ದ. ಅಂಜಿನಮ್ಮ ಪ್ರತಿ ಸಲವೂ ಮೊದಲ ಸಲದಂತೆ ಕೇಳಿಸಿಕೊಳ್ಳುತ್ತಿದ್ದಳು. ದೇವರ ಹತ್ತಿರವೂ ಅದನ್ನೇ ಬೇಡಲು ಶುರುಮಾಡಿದ್ದಳು.

ಕಳೆದ ಆಷಾಢದಲ್ಲಿ ಆ ಲೆನ್ಸ್ ಸಿದ್ಧವಾಯಿತು. ಅಂಗಡಿಯ ಹಳೆ ಫ್ರೇಮೊಂದರಲ್ಲಿ ಕೂರಿಸಿ ನೋಡಿದಾಗ ಎಳೆಗಳು ಎಂದಿಗಿಂತ ಚೆನ್ನಾಗಿ ಎದ್ದವು. ಆದರೆ ಆ ಫ್ರೇಮು ಭಾರ, ಅಂಜಿನಮ್ಮನ ಮೂಗು ನೋಯುತ್ತದೆ. ಹಗುರವಾದದ್ದಕ್ಕೆ ಬದಲಿಸೋಣವೆಂದು ಸ್ಕ್ರೂ ಸಡಿಲಿಸಿ ಲೆನ್ಸ್ ಬಿಡಿಸಿದವನು, ಆಸೆ ತಡೆಯಲಾರದೆ ಬರೀ ಲೆನ್ಸನ್ನೇ ಕಪ್ಪು ಗಾಜುಗಳ ನಡುವೆ ಹಿಡಿದ.

ಏನೂ ಇಲ್ಲ. ಬರೀ ಕತ್ತಲು.

ಬೇರೆ ಲೆನ್ಸ್ ಹಿಡಿದ. ಅದರಲ್ಲೂ ಇಲ್ಲ. ಫ್ರೇಮಿಗೆ ಕೂರಿಸಿ ಸ್ಕ್ರೂ ಬಿಗಿದ, ಎಳೆಗಳು ಬಂದವು. ಸಡಿಲಿಸಿದ, ಹೋದವು. ಉಜ್ಜಿ ಮುಗಿಸಿದ ಲೆನ್ಸಿಗೆ ಬೆರಳ ಗುರುತು ಬೀಳಬಾರದೆಂದು ಫ್ರೇಮಿನಲ್ಲೇ ಹಿಡಿದು ನೋಡುವುದು ಕಸುಬಿನ ರೂಢಿ. ಇಷ್ಟು ವರ್ಷ ಹಾಗೆಯೇ ನೋಡಿದ್ದ. ಬಿಗಿ ಸ್ಕ್ರೂ ಪ್ಲಾಸ್ಟಿಕ್ಕನ್ನು ಹಿಸುಕಿದಾಗ ಏಳುವ ಬಣ್ಣದ ಗುರುತನ್ನು ಬೆಳಕಿನ ಹುರಿ ಎಂದು ಪೂಜಿಸಿದ್ದ.

ಹಲಸೂರಿನ ಮನೆಗೆ ಬಂದವನು ಹೊಸ್ತಿಲಲ್ಲೇ ಕೂತ.

"ಆಯ್ತೇನ್ರೀ ಲೆನ್ಸು?"

"ಇಲ್ಲ ಕಣೇ. ಎಳೆ ಇಲ್ಲ. ಯಾವತ್ತೂ ಇರ್ಲಿಲ್ಲ." ನಡೆದದ್ದನ್ನೆಲ್ಲ ಹೇಳಿದ.

ಅಂಜಿನಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ನಾನು ಕತ್ತಲೆಗೆ ಒಗ್ಗಿಹೋಗಿದ್ದೆ ಕಣ್ರೀ," ಎಂದಳು. "ನೀವೇ ಆಸೆ ಹಚ್ಚಿದ್ರಿ. ಈಗ ಮತ್ತೆ ಮೊದ್ಲಿಂದ ಕುರುಡಿ ಆಗ್ಬೇಕು."

ಅಂದು ಅವಳು ದೇವರಿಗೆ ಕೈಮುಗಿಯಲಿಲ್ಲ.

ಮರುದಿನ ಪಕ್ಕದಂಗಡಿಯ ಯಾಸಿರ್ ಕ್ಯಾಮರಾ ಹೊತ್ತು ಕನ್ನಡಕದಂಗಡಿಗೆ ಬಂದ. ಮದುವೆ ವೀಡಿಯೊ ತೆಗೆಯುವವನು. ಚಿಕ್ಕಮುನಿಯಪ್ಪನ ಹಗ್ಗದ ಕತೆಯನ್ನು ಚಿತ್ರ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತೇನೆಂದು ಮೊದಲೇ ಮಾತಾಗಿತ್ತು.

"ಏನಣ್ಣಾ, ಇವತ್ತು ಶೂಟಿಂಗು. ಮದುಮಗನ ತರ ಬರೋದ್ಬಿಟ್ಟು ಇದೇನ್ ಮುಖ?"

ಚಿಕ್ಕಮುನಿಯಪ್ಪ ಕಪ್ಪು ಗಾಜುಗಳ ನಡುವೆ ಫ್ರೇಮು ಹಿಡಿದು, ಸ್ಕ್ರೂ ಬಿಗಿದು, ಸಡಿಲಿಸಿ ತೋರಿಸಿದ. ಯಾಸಿರ್ ತಲೆ ಕೆರೆದುಕೊಂಡ.

"ಅರೆ, ಟೈಟ್ ಮಾಡೇ ತೆಗೀತೀನಿ ಬಿಡಿ. ಎಷ್ಟ್ ಚೆನ್ನಾಗ್ ಕಾಣ್ತದೆ! ಯಾರ್ಗೆ ಗೊತ್ತಾಗ್ತದೆ? ನಂಗೇನೂ ಕೊಡ್ಬೇಡಿ. ಲಕ್ಷ ಜನ ನೋಡ್ತಾರೆ ಅಣ್ಣಾ. ಅದ್ರಲ್ಲಿ ಒಬ್ಬ ದೊಡ್ಡ ಡಾಕ್ಟರ್ ಇದ್ರೆ ಅಂಜಿನಮ್ಮಕ್ಕನ್ನ ಕರೆಸ್ತಾನೋ ಏನೋ."

ಆ ಕೊನೆಯ ಮಾತಿಗೆ ಚಿಕ್ಕಮುನಿಯಪ್ಪನ ಕೈ ನಿಂತಿತು. ಆಮೇಲೆ ಸ್ಕ್ರೂ ಪೂರ್ತಿ ಬಿಚ್ಚಿ ಲೆನ್ಸನ್ನು ಫ್ರೇಮಿನಿಂದ ತೆಗೆದಿಟ್ಟ.

"ನಿನ್ ಮನಸ್ಸು ಒಳ್ಳೇದು ಯಾಸಿರ್," ಎಂದ. "ಲಕ್ಷ ಜನ ನೋಡಿದ್ರೆ, ಅವರ ಮನೆಗಳಲ್ಲಿ ಎಷ್ಟ್ ಜನ ಕಣ್ಣಿಲ್ದೋರು ಕಾಯ್ಕೊಂಡು ಕೂರ್ತಾರೆ ಹೇಳು? ನಮ್ಮನೇಲಿ ಒಬ್ಳು ಕಾದಿದ್ದು ಸಾಕು. ಬೇಡಪ್ಪಾ. ಕ್ಯಾಮರಾ ಒಳಗಿಡು."