ಹೆಬ್ಬಗೋಡಿಯ ಅತಿ ವೇಗದ ಕಂಪ್ಯೂಟರು

ಹೆಬ್ಬಗೋಡಿಯಲ್ಲಿ ಮುನಿಕೃಷ್ಣನ ಬಿಲ್ಡಿಂಗು ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಕಂಪ್ಯೂಟರ್ ಓನರ್ ಮನೆ ಎಂದರೆ ಆಟೋದವನು ಸೀದಾ ಗೇಟಿನ ಮುಂದೆ ತಂದು ನಿಲ್ಲಿಸುತ್ತಾನೆ. ಮೂರಂತಸ್ತಿನ ಕಟ್ಟಡ, ರೂಮುಗಳ ತುಂಬ ಬೊಮ್ಮಸಂದ್ರದ ಫ್ಯಾಕ್ಟರಿಗಳಿಗೆ ಶಿಫ್ಟಿನ ಮೇಲೆ ಹೋಗಿಬರುವ ಬಾಡಿಗೆದಾರರು. ಕೆಳಗೆ ರಸ್ತೆಯ ಕಡೆಗಿನ ಮನೆಯಲ್ಲಿ ಮುನಿಕೃಷ್ಣ ಒಬ್ಬನೇ. ಪೂರ್ತಿ ಒಬ್ಬನೇ ಎಂದರೆ ಅವನಿಗೆ ಬೇಜಾರಾದೀತು. ನಡುಮನೆಯಲ್ಲಿ, ಹಲಸಿನ ಮರದ ಮಣೆಯ ಮೇಲೆ, ಮದುಮಗನ ಗತ್ತಿನಲ್ಲಿ ಅವನ ಕಂಪ್ಯೂಟರು ಕೂತಿದೆ.

ಆ ಮಣೆಯ ಮೇಲೆ ಹಿಂದೊಮ್ಮೆ ಮುನಿಕೃಷ್ಣನೇ ಕೂರಬೇಕಾಗಿತ್ತು. "ಜಮೀನಿನ ಕೇಸು ಮುಗೀಲಿ ಕಣೋ, ಆಮೇಲೆ ಎಣ್ಣು ನೋಡಾಣ" ಎಂದು ಅವನಪ್ಪ ಪಾಪಯ್ಯ ಹೇಳಿದ್ದ. ಕೇಸಿಗೆ ಯಾವ ಅವಸರವೂ ಇರಲಿಲ್ಲ. ಅದು ಗೆಲ್ಲುವ ಹೊತ್ತಿಗೆ ಪಾಪಯ್ಯ ಗೋಡೆಯ ಮೇಲಿನ ಫೋಟೋ ಆಗಿದ್ದ, ಮುನಿಕೃಷ್ಣನ ಮೀಸೆ ಬೆಳ್ಳಗಾಗಿತ್ತು. ಹೆಣ್ಣು ನೋಡಲು ಹಿರಿಯರೆನಿಸಿಕೊಂಡವರು ಯಾರೂ ಉಳಿದಿರಲಿಲ್ಲ. ತಾನೇ ಹೋಗಿ ಮಾತಾಡಿಕೊಂಡು ಬರುವ ಧೈರ್ಯವನ್ನು ನಮ್ಮ ಕಡೆಯ ಗಂಡಸರಿಗೆ ಯಾರೂ ಕಲಿಸಿರುವುದಿಲ್ಲ.

ಕಂಪ್ಯೂಟರು ಬಂದದ್ದು ಆಮೇಲೆ. ಫ್ಯಾಕ್ಟರಿಗೆ ಜಮೀನು ಕೊಟ್ಟವರಿಗೆ ಸಿಕ್ಕ ಕೆಲಸದಲ್ಲಿ ಮುನಿಕೃಷ್ಣ ಅಲ್ಲಿನ ಯಂತ್ರಗಳ ಕಂಟ್ರೋಲ್ ಪ್ಯಾನೆಲ್ ರಿಪೇರಿ ಮಾಡುತ್ತಿದ್ದ. ಫ್ಯಾಕ್ಟರಿ ಬಾಗಿಲು ಹಾಕಿತು. ಸುಮ್ಮನೆ ಕೂರಲಾರದ ಕೈ ಅವನನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಎಳೆದುಕೊಂಡು ಹೋಯಿತು. ಡಬ್ಬ, ಬೋರ್ಡು, ಪ್ರೊಸೆಸರು, ಫ್ಯಾನು ಎಲ್ಲವನ್ನೂ ಒಂದೊಂದಾಗಿ ತಂದು ತಾನೇ ಜೋಡಿಸಿದ. ಹತ್ತು ವರ್ಷದಲ್ಲಿ ಒಳಗಿನ ಅಂಗಾಂಗಗಳು ಹೆಚ್ಚುಕಡಿಮೆ ಎಲ್ಲವೂ ಬದಲಾದವು, ಆದರೂ ಅವನ ಲೆಕ್ಕದಲ್ಲಿ ಅದು ಅದೇ ಕಂಪ್ಯೂಟರು. ಕಿಟಕಿಯಾಚೆ ದಿನಕ್ಕೊಂದು ಬೋರ್‌ವೆಲ್ ಕೊರೆಯುವ ಊರಿನಲ್ಲಿ ದೂಳು ತಡೆಯಲು ಹಳೇ ಪಂಚೆಯನ್ನು ಅಳತೆಗೆ ಕತ್ತರಿಸಿ ಗಾಳಿ ಎಳೆಯುವ ಫ್ಯಾನಿಗೆ ಕಟ್ಟಿದ. ಮಿಕ್ಕವರು ಅಮಾವಾಸ್ಯೆಗೆ ಗಾಡಿ ತೊಳೆದು ನಿಂಬೆಹಣ್ಣು ಕಟ್ಟಿದರೆ ಇವನು ಡಬ್ಬ ಬಿಚ್ಚಿ, ಬ್ರಷ್ಷಿನಿಂದ ಒಳಗೆಲ್ಲ ಗುಡಿಸಿ, ಪ್ರೊಸೆಸರಿನ ಮೇಲೆ ಶಾಖ ಸೆಳೆಯುವ ಪೇಸ್ಟನ್ನು ಹೊಸದಾಗಿ ಸವರುತ್ತಿದ್ದ.

ಇಷ್ಟು ಸಾಲದೆಂದು ಓವರ್‌ಕ್ಲಾಕಿಂಗ್ ಬೇರೆ ಕಲಿತ. ಪ್ರೊಸೆಸರಿಗೆ ಕಂಪನಿಯವರು ಗೊತ್ತು ಮಾಡಿದ ವೇಗವನ್ನು ಮೀರಿ ಅದನ್ನು ಓಡಿಸುವ ವಿದ್ಯೆ ಅದು. ಒಂದು ಮೆಟ್ಟಿಲು ಏರಿಸಬೇಕು, ವೋಲ್ಟೇಜು ಕೊಂಚ ಹೆಚ್ಚಿಸಬೇಕು, ಶಾಖ ಎಷ್ಟಾಯಿತೆಂದು ಮಗುವಿನ ಜ್ವರ ನೋಡುವ ತಾಯಿಯಂತೆ ಕಾಯಬೇಕು. ಹೀಗೆ ಏರಿಸಿ ಏರಿಸಿ ಹೆಬ್ಬಗೋಡಿಯಲ್ಲೇ ಅತಿ ವೇಗದ ಕಂಪ್ಯೂಟರಿನ ಒಡೆಯನಾದ ಮುನಿಕೃಷ್ಣ ಅದರಲ್ಲಿ ಮಾಡುತ್ತಿದ್ದ ಕೆಲಸವೆಂದರೆ ಅದರ ಶಾಖ ಎಷ್ಟಿದೆ ಎಂದು ನೋಡುವುದು.

ಅದಕ್ಕೊಂದು ನಿಜವಾದ ಕೆಲಸ ಕೊಟ್ಟವನು ಮೇಲಿನ ರೂಮಿನ ಹನುಮೇಶ. ಸಿಂಧನೂರು ಕಡೆಯವನು. ಹೆಂಡತಿ ಸವಿತಾ, ಪುಟ್ಟ ಮಗಳು ಊರಲ್ಲಿ. ಇಲ್ಲಿ ಔಷಧಿ ಫ್ಯಾಕ್ಟರಿಯಲ್ಲಿ ಪ್ಯಾಕಿಂಗು, ಗುರುವಾರದ ರಜೆಯಲ್ಲಿ ಊರಿನ ಸೋಮಪ್ಪನ ಸ್ಟುಡಿಯೋಗೆ ಮದುವೆ ವಿಡಿಯೋ ಎಡಿಟಿಂಗು. ಕಳೆದ ವರ್ಷ ಒಂದು ಗುರುವಾರ ಬಂದು ಬಾಗಿಲಲ್ಲಿ ನಿಂತ.

"ಅಣ್ಣಾರ, ನನ್ನ ಲ್ಯಾಪ್‌ಟಾಪಿನಾಗ ನಿನ್ನಿ ಹಚ್ಚಿದ ವಿಡಿಯೋ ಇನ್ನೂ ಅಲ್ಲೇ ಕುಂತೈತ್ರಿ. ನಿಮ್ಮ ಮಷೀನ್ ಒಂಚೂರು ಕೊಡ್ತೀರೇನ್ರಿ?"

"ಅದಕ್ಕೇನಂತೆ, ಬಾರಪ್ಪ. ಚಪ್ಪಲಿ ಆಚೆ ಬಿಡು, ದೂಳು."

ಎಡಿಟಿಂಗು ಮುಗಿದ ಮೇಲೆ ತುಂಡು ತುಂಡು ಚಿತ್ರವನ್ನೆಲ್ಲ ಬೆಸೆದು ಒಂದೇ ವಿಡಿಯೋ ಮಾಡಿಕೊಡುವುದು ಕಂಪ್ಯೂಟರಿನ ಕೆಲಸ. ಮನುಷ್ಯ ಕಾಯಬೇಕು ಅಷ್ಟೆ. ಮಧ್ಯಾಹ್ನ ಶುರುವಾದದ್ದು ಸಂಜೆಗೆ ಮುಗಿಯುತ್ತಿತ್ತು. ಕಾಯುವವರಿಬ್ಬರೂ ಪರದೆ ನೋಡುತ್ತ ಊಟ ಮಾಡುತ್ತಿದ್ದರು. ಮುನಿಕೃಷ್ಣ ಮುದ್ದೆ ಕಟ್ಟುತ್ತಿದ್ದ, ಹನುಮೇಶ ಶೇಂಗಾ ಚಟ್ನಿ ತರುತ್ತಿದ್ದ.

"ಇದನ್ನ ಅಗಿಯೂದೋ ನುಂಗೂದೋ, ಅಣ್ಣಾರ?"

"ನುಂಗೋದು. ಅಗಿಯೋರಿಗೆ ನಾವು ರೂಮೇ ಕೊಡಲ್ಲ."

ಮದುವೆಗಳ ಬಗ್ಗೆ ಮುನಿಕೃಷ್ಣನಿಗೆ ಅನುಮಾನಗಳು ಬಹಳ.

"ಅಲ್ಲಪ್ಪ, ತಾಳಿ ಕಟ್ಟೋವಾಗ ಈ ಉಡುಗ ಯಾಕೆ ಮೇಲೆ ನೋಡ್ತಾವ್ನೆ?"

"ಡ್ರೋನ್ ನೋಡಾಕತ್ತಾನ್ರಿ."

"ಎಣ್ಣು?"

"ಆಕಿನೂ ಡ್ರೋನೇ ನೋಡಾಕತ್ತಾಳ."

"ಮತ್ತೆ ಒಬ್ಬರನ್ನೊಬ್ಬರು ಯಾವಾಗ ನೋಡ್ಕೊಳ್ಳೋದು?"

"ವಿಡಿಯೋದಾಗ್ರಿ. ಅದಕ್ಕ ನಾ ಇರೂದು."

ಕ್ರಮೇಣ ಮುನಿಕೃಷ್ಣನಿಗೆ ಸಿಂಧನೂರಿನ ಅರ್ಧ ಊರು ಪರಿಚಯವಾಯಿತು. ಯಾರ ಸೋದರಮಾವ ಮುನಿಸಿಕೊಂಡು ಊಟಕ್ಕೆ ಕೂರಲಿಲ್ಲ, ಯಾವ ಅಜ್ಜಿ ಎಲ್ಲ ಮದುವೆಯಲ್ಲೂ ಒಂದೇ ಸೀರೆ ಉಡುತ್ತಾಳೆ, ಎಲ್ಲ ಗೊತ್ತು. ಒಮ್ಮೆ ಆ ಅಜ್ಜಿ ಎರಡು ಮದುವೆಯಲ್ಲಿ ಕಾಣಿಸದಿದ್ದಾಗ ಹನುಮೇಶನಿಂದ ಊರಿಗೆ ಫೋನು ಹಚ್ಚಿಸಿ ವಿಚಾರಿಸಿದ. ಅಜ್ಜಿಗೆ ಮೊಣಕಾಲು ನೋವಂತೆ. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ.

ಇಂಥ ಗುರುವಾರಗಳನ್ನು ಕೆಡಿಸಿದ್ದು ಮುನಿಕೃಷ್ಣನ ಹುರುಪೇ. ತನ್ನ ಕಂಪ್ಯೂಟರು ಏನೆಂದು ತೋರಿಸಲು ಹೊಸ ಗ್ರಾಫಿಕ್ಸ್ ಕಾರ್ಡು ತಂದು ಹಾಕಿದ, ಪ್ರೊಸೆಸರ್ ತಣಿಸಲು ಬಿಂದಿಗೆ ಗಾತ್ರದ ಕೂಲರು ಕೂರಿಸಿದ, ವೇಗ ಇನ್ನೆರಡು ಮೆಟ್ಟಿಲು ಏರಿಸಿದ. ಮುಂದಿನ ಗುರುವಾರ ಸಾರಿಗೆ ಒಗ್ಗರಣೆ ಬೀಳುವಷ್ಟರಲ್ಲಿ ವಿಡಿಯೋ ತಯಾರು.

"ಏನ್ ಮಷೀನ್ರಿ ಅಣ್ಣಾರ! ಇನ್ನ ಹೊಂಟೆ, ರೂಮಿಗೆ ಹೋಗಿ ಮಕ್ಕೊಂತೀನ್ರಿ."

"ಮುದ್ದೆ?"

"ನಾಳಿ ಬೆಳಿಗ್ಗಿ ಶಿಫ್ಟ್ ಐತ್ರಿ."

ಎರಡು ಮುದ್ದೆಯನ್ನೂ ಮುನಿಕೃಷ್ಣನೇ ನುಂಗಿದ. ಅದರ ಮುಂದಿನ ವಾರವೂ ಹಾಗೇ ಆಯಿತು. ವೇಗ ಹೆಚ್ಚಿಸಿದರೆ ಏನೇನಾಗುತ್ತದೆ ಎಂದು ಅವನು ನೋಡಿದ ವಿಡಿಯೋಗಳಲ್ಲಿ ಬಹಳ ಜನ ಬಹಳ ಹೇಳಿದ್ದರು. ಶಾಖ ಏರುತ್ತದೆ, ಕರೆಂಟು ಕುಡಿಯುತ್ತದೆ, ಪ್ರೊಸೆಸರಿನ ಆಯಸ್ಸು ತಗ್ಗುತ್ತದೆ. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಮೂರನೆಯ ಗುರುವಾರ ಬೆಳಿಗ್ಗೆ, ಬಾಗಿಲು ಹಾಕಿಕೊಂಡು, ಮುನಿಕೃಷ್ಣ ವೇಗವನ್ನು ಇಳಿಸಿದ. ಒಂದೆರಡು ಮೆಟ್ಟಿಲಲ್ಲ, ಕಂಪನಿಯವರು ಗೊತ್ತು ಮಾಡಿದ್ದಕ್ಕಿಂತ ಎಷ್ಟೋ ಕೆಳಕ್ಕೆ. ಹೊಸ ಕಾರ್ಡಿಗೂ ಮೂಗುದಾರ ಹಾಕಿದ. ತಾನೇ ಮಾಡಿದ ಅಡುಗೆಗೆ ತಾನೇ ಉಪ್ಪು ಸುರಿದಂತಾಯಿತು. ಆದರೆ ಅಂದು ಹನುಮೇಶ ಸಂಜೆಯವರೆಗೂ ಇದ್ದ.

"ಮಷೀನಿಗೆ ವಯಸ್ಸಾತೇನ್ರಿ, ಅಣ್ಣಾರ?"

"ಆಗಲ್ವಾ ಮತ್ತೆ?" ಎಂದು ಮುನಿಕೃಷ್ಣ ಎರಡನೇ ಮುದ್ದೆ ಬಡಿಸಿದ.

ಗುರುವಾರ ಇಳಿಸುವುದು, ಶುಕ್ರವಾರ ಏರಿಸುವುದು. ಈ ಕ್ರಮ ಬೇಸಿಗೆಯವರೆಗೂ ನಡೆಯಿತು.

ಏಪ್ರಿಲ್ಲಿನ ಒಂದು ಗುರುವಾರ ಹನುಮೇಶ ಮಧ್ಯಾಹ್ನ ಓಡಿಬಂದ. ಫ್ಯಾಕ್ಟರಿಯಲ್ಲಿ ಓವರ್‌ಟೈಮಿಗೆ ಹಿಡಿದು ಕೂರಿಸಿದ್ದರಂತೆ. ಎಂದಿಗಿಂತ ಬಹಳ ಉದ್ದದ ಮದುವೆ ವಿಡಿಯೋ ಹಚ್ಚಿ, ಪರದೆಯಲ್ಲಿ ಮುಗಿಯುವ ಹೊತ್ತು ನೋಡಿ, ನೆಲದ ಮೇಲೆ ಕೂತುಬಿಟ್ಟ.

"ಮುಗೀತ್ರಿ ನನ್ನ ಕತಿ. ರಾತ್ರಿ ಒಂಬತ್ತು ತೋರಸಾಕತ್ತೈತಿ. ನನ್ನ ಬಸ್ಸು ಏಳಕ್ಕ."

"ಯಾವ ಬಸ್ಸು?"

"ಊರಿಗ್ರಿ. ಸೋಮಪ್ಪ ಸಾಹುಕಾರ್ರು ಸ್ಟುಡಿಯೋದಾಗ ಕಾಯಂ ಕೆಲಸ ಕೊಡ್ತೀನಿ ಅಂದಾರ. ನಾಳಿ ಮುಂಜಾನಿ ಈ ವಿಡಿಯೋ ಅವರ ಕೈಯಾಗ ಇರಬೇಕು. ಇಲ್ಲಾಂದ್ರ ಇನ್ನೊಬ್ಬಾವ ಬಾಗಲದಾಗ ನಿಂತಾನ, ಅವಗ ಕೊಡ್ತಾರ."

"ನೆಟ್ಟಲ್ಲಿ ಕಳಿಸಕ್ಕಾಗಲ್ವೇನಪ್ಪ?"

"ಕಳಸಾಕ ಮದ್ಲ ಮುಗೀಬೇಕಲ್ರಿ. ಮುಗಿದ್ರೂ ಅಲ್ಲಿ ನೆಟ್ಟು ಎಮ್ಮಿ ಇದ್ದಂಗ, ಮಕ್ಕೊಂಡ್ರ ಏಳಂಗಿಲ್ಲ." ಚೀಲವನ್ನು ಪಕ್ಕಕ್ಕೆ ಸರಿಸಿ ಅವನೇ ಹೇಳಿದ, "ಇರ್ಲಿ ಬಿಡ್ರಿ. ನನ್ನ ಮಗಳು ಫೋನಿನಾಗ ನನ್ನ ಗುರುತು ಹಿಡೀತಾಳ, ಅಷ್ಟು ಸಾಕು. ಇಲ್ಲೇ ಇರ್ತೀನಿ. ನೀವ್ ಅದೀರಿ."

ಮುನಿಕೃಷ್ಣ ಅಡುಗೆಮನೆಗೆ ಹೋದ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಹಿಟ್ಟಿನ ಡಬ್ಬಿಗೆ ಕೈ ಹಾಕಿದ. ಸುಮ್ಮನಿದ್ದರೆ ಸಾಕಾಗಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಗುರುವಾರಗಳು ವರ್ಷಗಟ್ಟಲೆ ಬರುತ್ತಿದ್ದವು, ಮೊಣಕಾಲು ನೋವಿನ ಅಜ್ಜಿಯ ಸುದ್ದಿಯೂ ತಿಳಿಯುತ್ತಿತ್ತು. ನೀವ್ ಅದೀರಿ ಎಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಡಬ್ಬಿ ಮುಚ್ಚಿ, ಒಲೆ ಆರಿಸಿ ಬಂದ.

"ಅದನ್ನ ನಿಲ್ಸು."

"ಆಂ?"

"ನಿಲ್ಸಪ್ಪ. ಏಳು ಆ ಕಡೆ."

ಕಂಪ್ಯೂಟರನ್ನು ಮತ್ತೆ ಶುರುಮಾಡಿ, ವೇಗವನ್ನು ಹಳೆಯ ಮಟ್ಟಕ್ಕೇರಿಸಿದ. ಅದೂ ಸಾಲದೆಂದು ಈವರೆಗೆ ಧೈರ್ಯ ಮಾಡಿರದ ಇನ್ನೊಂದು ಮೆಟ್ಟಿಲು ಏರಿಸಿದ. ವಿಡಿಯೋ ಹಚ್ಚಿದ ಸ್ವಲ್ಪ ಹೊತ್ತಿಗೆ ಪರದೆ ನೀಲಿಯಾಗಿ ಎಲ್ಲ ನಿಂತಿತು. ಹನುಮೇಶ ತಲೆ ಮೇಲೆ ಕೈ ಹೊತ್ತ. ಮುನಿಕೃಷ್ಣ ವೋಲ್ಟೇಜನ್ನು ಕೂದಲೆಳೆಯಷ್ಟು ಹೆಚ್ಚಿಸಿದ, ಡಬ್ಬದ ಪಕ್ಕದ ಬಾಗಿಲು ಕಿತ್ತು ಟೇಬಲ್ ಫ್ಯಾನನ್ನು ಎದುರಿಗಿಟ್ಟ, ಪಂಚೆಯ ತುಂಡನ್ನೂ ಬಿಚ್ಚಿ ಎಸೆದ. ದೂಳು ಬಂದರೆ ಬರಲಿ. ಕೊನೆಗೆ ಹೊರಗೆ ಹೋಗಿ ನೀರಿನ ಮೋಟರಿನ ಸ್ವಿಚ್ಚು ಆರಿಸಿದ. ಆ ಮೋಟರು ಎದ್ದಾಗಲೆಲ್ಲ ಇಡೀ ಬಿಲ್ಡಿಂಗಿನ ದೀಪ ಮಂಕಾಗುತ್ತಿತ್ತು. ಹಳೇ ಯುಪಿಎಸ್ಸನ್ನು ನಂಬಿ ಕೂರುವ ದಿನ ಅದಾಗಿರಲಿಲ್ಲ.

ಅರ್ಧ ಗಂಟೆಗೆಲ್ಲ ಮೇಲಿನಿಂದ ಕೂಗು ಬಂತು. "ಓನರ್ರೇ, ನೀರಿಲ್ಲ! ಮೈಗೆಲ್ಲ ಸೋಪು ಹಚ್ಕೊಂಡು ನಿಂತಿದ್ದೀನಿ!"

"ಒರಸ್ಕೊಳ್ಳಿ" ಎಂದ ಮುನಿಕೃಷ್ಣ, ಕಣ್ಣನ್ನು ಶಾಖದ ಅಂಕಿಯಿಂದ ತೆಗೆಯದೆ.

ಪರದೆಯ ಮೇಲೆ ಯಾವುದೋ ಮದುವೆ ಓಡುತ್ತಿತ್ತು. ಅಕ್ಷತೆ ಬಿತ್ತು, ಯಾರೋ ಅತ್ತರು, ಯಾರೋ ಉಂಡರು. ಮುನಿಕೃಷ್ಣ ಯಾರ ಮುಖವನ್ನೂ ನೋಡಲಿಲ್ಲ. ಅಂಕಿ ಏರಿದಾಗ ಫ್ಯಾನನ್ನು ಇಷ್ಟು ಈಚೆ, ಇಳಿದಾಗ ಇಷ್ಟು ಆಚೆ ಸರಿಸುತ್ತಿದ್ದ. ಬಿಸಿಲು ಕಿಟಕಿಯಿಂದ ಇಳಿಯುವ ಮೊದಲೇ ವಿಡಿಯೋ ಮುಗಿಯಿತು.

ಹನುಮೇಶ ಹಾರ್ಡ್‌ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತ ನಿಂತ.

"ಇಷ್ಟು ಜಲ್ದಿ ಆಗ್ತೈತಿ ಅಂದ್ರ ಇಷ್ಟು ದಿನ ಯಾಕ ಆಗ್ಲಿಲ್ರಿ?"

"ಇವತ್ತು ಮೋಟರ್ ಆಫ್ ಮಾಡಿದ್ದೀನಲ್ಲ. ಕರೆಂಟು ಚೆನ್ನಾಗೈತೆ."

"ಹಂಗಾರ ದಿನಾ ನೀರು ಬಂದ್ ಮಾಡಬೇಕಿತ್ತು" ಎಂದು ನಗುತ್ತ ಅವನು ಹೊಸೂರು ರಸ್ತೆಯ ಕಡೆ ಓಡಿದ. ಮುನಿಕೃಷ್ಣ ಮೋಟರು ಹಾಕಿ ಬಂದು ಒಬ್ಬನಿಗೆ ಆಗುವಷ್ಟು ಅನ್ನ ಇಟ್ಟ.

ತಿಂಗಳ ಕೊನೆಗೆ ಹನುಮೇಶ ಸವಿತಾ ಮತ್ತು ಮಗಳ ಜೊತೆ ಬಂದು ರೂಮು ಖಾಲಿ ಮಾಡಿದ. ಕೆಲಸ ಸಿಕ್ಕಿತ್ತು. ಸವಿತಾ ಬಾಗಿಲಲ್ಲಿ ನಿಂತು, "ಕಾಕಾರ, ನಮ್ಮನಿಯವರು ಊರಾಗೆಲ್ಲ ನಿಮ್ಮ ಮಷೀನಿಂದೇ ಸುದ್ದಿ ಹೇಳ್ತಾರ್ರಿ" ಎಂದಳು. ಮುನಿಕೃಷ್ಣ ಸಂತೋಷ ಎಂದ. ಮಗು ಮಣೆಯ ಮೇಲಿನ ಕಂಪ್ಯೂಟರಿನ ಬಣ್ಣದ ದೀಪಗಳನ್ನು ನೋಡಿ ಕೈ ಚಾಚಿತು. ಬಸ್ಸಿಗೆ ಹೊತ್ತಾಗಿತ್ತು.

ಮಾರನೆಯ ದಿನ ಗೇಟಿಗೆ ರೂಮು ಖಾಲಿ ಇದೆ ಎಂಬ ಬೋರ್ಡು ಬಿತ್ತು. ಮೊದಲು ಬಂದವನು ಕೊಪ್ಪಳದ ವೀರೇಶ್, ಬೊಮ್ಮಸಂದ್ರದಲ್ಲಿ ವೆಲ್ಡರು. ನೀರು ಬರುತ್ತದಾ, ಬೈಕು ನಿಲ್ಲಿಸಬಹುದಾ ಎಂದೆಲ್ಲ ಕೇಳಿದ. ಎಲ್ಲಕ್ಕೂ ಹೂಂ ಎಂದ ಮುನಿಕೃಷ್ಣ, ಬೀಗದ ಕೈ ಕೊಡುವ ಮೊದಲು ಗಂಟಲು ಸರಿಮಾಡಿಕೊಂಡ.

"ನಿಮಗೆ ಈ ವಿಡಿಯೋ ಗಿಡಿಯೋ ಮಾಡೋ ಅಭ್ಯಾಸ ಏನಾದ್ರೂ ಐತಾ?"

ವೀರೇಶ್ ಬೆಚ್ಚಿ ಎರಡೂ ಕೆನ್ನೆ ಮುಟ್ಟಿಕೊಂಡ. "ಇಲ್ರೀ ಸರ್, ಅಂಥಾವ್ಯಾವೂ ಇಲ್ಲ. ಡ್ಯೂಟಿ ಮುಗಿಸಿ ಬಂದು ಬಾಗಲಾ ಹಾಕ್ಕೊಂಡ್ರ ಮುಗೀತು. ನಾ ಇದ್ದೀನೋ ಇಲ್ಲೋ ನಿಮಗ ಗೊತ್ತೇ ಆಗಂಗಿಲ್ಲ."

"ಒಳ್ಳೇದು" ಎಂದು ಮುನಿಕೃಷ್ಣ ಬೀಗದ ಕೈ ಕೊಟ್ಟ.